ಕಬ್ಬಿಣವೂ ಉರಿಯುತ್ತದೆ

ದಸರೆ ಕಳೆದು ದೀಪಾವಳಿ ಸಮೀಪಿಸಿತೆಂದರೆ ಅಕ್ಕಲಕೋಟೆಯಿಂದ ಸೊಲ್ಲಾಪುರಕ್ಕೆ ಹೋಗುವ ರಸ್ತೆಯಂಚಿನ ವೆಲ್ಡಿಂಗ್ ಅಂಗಡಿಗಳಿಗೆ ಬಿಡುವೆಂಬುದಿಲ್ಲ. ಕಬ್ಬಿನ ಹಂಗಾಮು ಆರಂಭವಾಗುವ ಮೊದಲು ಟ್ರಾಲಿಗಳ ಚೌಕಟ್ಟು ಭದ್ರವಾಗಬೇಕು, ಸೀಳಿದ ಕೊಂಡಿ ಕೂಡಬೇಕು, ಸವೆದ ಕುಂಟೆ ಕೂರಿಗೆಗಳು ಮತ್ತೆ ಹೊಲಕ್ಕೆ ಇಳಿಯುವಂತಾಗಬೇಕು. ಸಂಜೆ ಶಾಲೆ ಬಿಟ್ಟು ಪಾಟೀಚೀಲ ಹೊತ್ತು ಹೊರಟ ಮಕ್ಕಳು ಆ ಅಂಗಡಿಗಳ ಮುಂದೆ ಕಾಲು ಕೀಳಲಾರದೆ ನಿಂತುಬಿಡುತ್ತಾರೆ. “ಆ ಬೆಳಕು ನೋಡಬ್ಯಾಡ, ಕಣ್ಣು ಹೋದಾವು” ಎಂದು ಗದರಿಸಿ ಎಳೆದೊಯ್ಯುವ ತಾಯಂದಿರನ್ನು ನಾವೆಲ್ಲ ಕಂಡಿದ್ದೇವೆ. ತಾಯಿಯ ಮಾತು ನಿಜವೇ. ಆದರೆ ಅಂಗಡಿಯಲ್ಲಿ ಉರಿಯುತ್ತಿರುವ ಬೆಂಕಿ ಒಂದಲ್ಲ, ಎರಡು.

ಕಣ್ಣು ಕುಕ್ಕುವ, ಚಟಚಟನೆ ಸಿಡಿಯುವ ಬಿಳಿಯ ಬೆಳಕು ವಿದ್ಯುತ್ತಿನದು. ಅದು ಆರ್ಕ್ ವೆಲ್ಡಿಂಗ್. ಅದರ ನೇರಳಾತೀತ ಕಿರಣಗಳನ್ನು ಬರಿಗಣ್ಣಿನಿಂದ ನೋಡಿದವನು ಅಂದು ರಾತ್ರಿ ಕಣ್ಣಿಗೆ ಮರಳು ಸುರಿದಂತಾಗಿ ನರಳುತ್ತಾನೆ. ಅಂಗಡಿಯ ಇನ್ನೊಂದು ಮೂಲೆಯಲ್ಲಿ ಎರಡು ಎತ್ತರದ ಸಿಲಿಂಡರುಗಳು, ಅವುಗಳಿಂದ ಹೊರಟ ಎರಡು ಬಣ್ಣದ ರಬ್ಬರು ಕೊಳವೆಗಳು, ಕೊಳವೆಗಳ ತುದಿಗೆ ಹಿತ್ತಾಳೆಯ ಒಂದು ಸಾಧನ, ಆ ಸಾಧನದ ಮೂತಿಯಲ್ಲಿ ಬೆರಳುಗಾತ್ರದ ನೀಲಿ ಜ್ವಾಲೆ. ಇದು ಗ್ಯಾಸ್ ಟಾರ್ಚ್. ನಮ್ಮ ಕಡೆ ‘ಗ್ಯಾಸ್ ಕಟರ್’ ಎಂದರೆ ಎಲ್ಲರಿಗೂ ತಿಳಿಯುತ್ತದೆ. ಈ ಲೇಖನ ಆ ನೀಲಿ ಜ್ವಾಲೆಯನ್ನು ಕುರಿತದ್ದು. ಅದನ್ನು ಬರೆಯಲು ನನಗೊಂದು ಸ್ವಂತದ ಕಾರಣವೂ ಇದೆ. ಗಡಿಭಾಗದ ಕನ್ನಡ ಶಾಲೆಗಳಲ್ಲಿ ಬಹುಕಾಲ ವಿಜ್ಞಾನ ಕಲಿಸಿದವನು ನಾನು. ಆಮ್ಲಜನಕದ ಪಾಠವನ್ನು ಎಷ್ಟು ಸಲ ಮಾಡಿದೆನೆಂಬ ಲೆಕ್ಕವಿಲ್ಲ. ಆ ಪಾಠದಲ್ಲಿ ನಾನು ಹೇಳದೆ ಬಿಟ್ಟ ಒಂದು ಮಾತಿನ ಬೆಲೆಯನ್ನು ನನ್ನ ವಿದ್ಯಾರ್ಥಿಯೊಬ್ಬನು ತೆತ್ತನು. ಆ ಸಂಗತಿಗೆ ಮುಂದೆ ಬರುತ್ತೇನೆ. ಮೊದಲು ಜ್ವಾಲೆಯ ಗುಣ ತಿಳಿಯಬೇಕು.

ಊದಿ ಬೆಂಕಿಯನ್ನು ಮೊನಚಾಗಿಸುವ ವಿದ್ಯೆ ನಮಗೆ ಹೊಸದಲ್ಲ. ಪತ್ತಾರರು ಊದುಗೊಳವೆಯನ್ನು ಬಾಯಲ್ಲಿಟ್ಟುಕೊಂಡು, ಕೆನ್ನೆಗಳನ್ನು ತಿದಿಯಂತೆ ಉಬ್ಬಿಸಿ, ದೀಪದ ಕುಡಿಯನ್ನು ಬೇಕಾದ ಕಡೆಗೆ ಬಾಗಿಸಿ ಚಿನ್ನದ ಎಳೆಗೆ ಬೆಸುಗೆ ಹಾಕುವುದನ್ನು ಹಿರಿಯರು ಕಂಡಿದ್ದಾರೆ. ಬೆಸುಗೆಯ ಜಾಗಕ್ಕೆ ಅವರು ಹಚ್ಚುತ್ತಿದ್ದ ಬಿಳಿಗಾರವನ್ನೇ ಇಂದಿನ ವೆಲ್ಡರನೂ ಹಿತ್ತಾಳೆಯ ಬೆಸುಗೆಗೆ ಬಳಸುತ್ತಾನೆ. ಅದು ಕರಗಿ ಲೋಹದ ಮೇಲಿನ ಕಿಲುಬನ್ನು ಕರಗಿಸಿಕೊಂಡು ಮೇಲ್ಮೈಯನ್ನು ಶುದ್ಧಗೊಳಿಸುತ್ತದೆ. ಆದರೆ ಊದುಗೊಳವೆಯ ಬೆಂಕಿ ಚಿನ್ನ ಬೆಳ್ಳಿಗೆ ಸಾಕೇ ಹೊರತು ಉಕ್ಕಿಗೆ ಸಾಲದು. ಉಕ್ಕು ಕರಗಲು ಸುಮಾರು 1500 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಆದ್ದರಿಂದ ಕಂಬಾರರು ಕಬ್ಬಿಣವನ್ನು ಕರಗಿಸದೆ, ಕುಲುಮೆಯಲ್ಲಿ ಬೆಳ್ಳಗೆ ಕಾಯಿಸಿ, ಒಂದರ ಮೇಲೊಂದಿಟ್ಟು ಬಡಿದು ಕೂಡಿಸುತ್ತಿದ್ದರು.

ಗಾಳಿಯಲ್ಲಿ ಉರಿಯುವ ಬೆಂಕಿ ಏಕೆ ಅಷ್ಟು ಬಿಸಿಯಾಗುವುದಿಲ್ಲ? ಗಾಳಿಯ ಐದು ಪಾಲಿನಲ್ಲಿ ಸುಮಾರು ನಾಲ್ಕು ಪಾಲು ಸಾರಜನಕ. ಅದು ಉರಿಯುವುದೂ ಇಲ್ಲ, ಉರಿಸುವುದೂ ಇಲ್ಲ. ಆದರೂ ತಾನು ಕಾಯಲು ಬೇಕಾದ ಶಾಖವನ್ನು ಬೆಂಕಿಯಿಂದಲೇ ಕಸಿದುಕೊಳ್ಳುತ್ತದೆ. ಕೆಲಸ ಮಾಡದ ನಾಲ್ವರಿಗೆ ಊಟ ಹಾಕಬೇಕಾದ ಮನೆಯಂತೆ! ಗಾಳಿಯ ಬದಲು ಶುದ್ಧ ಆಮ್ಲಜನಕವನ್ನೇ ಕೊಟ್ಟರೆ ಶಾಖವೆಲ್ಲ ಜ್ವಾಲೆಯಲ್ಲಿಯೇ ಉಳಿಯುತ್ತದೆ.

ಇದಕ್ಕೆ ಎರಡು ವಸ್ತುಗಳು ಅಗ್ಗವಾಗಿ ದೊರೆಯಬೇಕಾಗಿತ್ತು, ಆಮ್ಲಜನಕ ಮತ್ತು ತಕ್ಕ ಇಂಧನ. ಎರಡೂ ಹತ್ತೊಂಬತ್ತನೆಯ ಶತಮಾನದ ಕೊನೆಗೆ ಹೆಚ್ಚುಕಡಿಮೆ ಒಟ್ಟಿಗೇ ಕೈಗೆ ಬಂದವು. 1892ರಲ್ಲಿ ಕೆನಡಾ ಮೂಲದ ಥಾಮಸ್ ವಿಲ್ಸನ್ ಎಂಬವರು ಅಲ್ಯೂಮಿನಿಯಂ ತಯಾರಿಸುವ ಹಂಬಲದಿಂದ ಸುಣ್ಣವನ್ನೂ ಡಾಂಬರನ್ನೂ ವಿದ್ಯುತ್ ಕುಲುಮೆಯಲ್ಲಿ ಕಾಯಿಸಿದಾಗ ಬಯಸಿದ್ದು ಬರಲಿಲ್ಲ. ಬಂದದ್ದು ಕಲ್ಲಿನಂತಹ ಒಂದು ಪದಾರ್ಥ. ಅದರ ಮೇಲೆ ನೀರು ಬಿದ್ದರೆ ಉರಿಯುವ ಅನಿಲ ಹೊರಡುತ್ತಿತ್ತು. ಆ ಕಲ್ಲೇ ಕ್ಯಾಲ್ಸಿಯಂ ಕಾರ್ಬೈಡ್, ಆ ಅನಿಲವೇ ಅಸಿಟಿಲೀನ್. ಜಾತ್ರೆಯ ಅಂಗಡಿಗಳಲ್ಲಿ ಘಾಟು ವಾಸನೆ ಬೀರುತ್ತ ಉರಿಯುತ್ತಿದ್ದ ಕಾರ್ಬೈಡ್ ದೀಪಗಳು ಹಿರಿಯರ ನೆನಪಿನಲ್ಲಿರಬಹುದು. ಮಾವಿನಕಾಯಿಯ ರಾಶಿಯಲ್ಲಿ ಪೊಟ್ಟಣ ಕಟ್ಟಿಡುತ್ತಿದ್ದುದೂ ಅದೇ ಕಾರ್ಬೈಡ್. ಹಾಗೆ ಹಣ್ಣು ಮಾಗಿಸುವುದನ್ನು ಕಾನೂನು ಈಗ ನಿಷೇಧಿಸಿದೆ. ಅತ್ತ ಜರ್ಮನಿಯ ಕಾರ್ಲ್ ಫಾನ್ ಲಿಂಡೆ 1895ರಲ್ಲಿ ಗಾಳಿಯನ್ನು ದೊಡ್ಡ ಪ್ರಮಾಣದಲ್ಲಿ ದ್ರವವಾಗಿಸುವ ವಿಧಾನ ಕಂಡುಹಿಡಿದರು. ದ್ರವವಾದ ಗಾಳಿಯಲ್ಲಿ ಸಾರಜನಕವು ಸೊನ್ನೆಗಿಂತ 196 ಡಿಗ್ರಿ ಕೆಳಗೆ, ಆಮ್ಲಜನಕವು 183 ಡಿಗ್ರಿ ಕೆಳಗೆ ಕುದಿಯುತ್ತದೆ. ಈ ಹದಿಮೂರು ಡಿಗ್ರಿಗಳ ಅಂತರವನ್ನು ಹಿಡಿದುಕೊಂಡು ಎರಡನ್ನೂ ಬೇರ್ಪಡಿಸಬಹುದು. ಅದೇ 1895ರಲ್ಲಿ ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಆನ್ರಿ ಲ ಶಾತೆಲಿಯೆ ಅವರು, ಅಸಿಟಿಲೀನನ್ನು ಸಮಪ್ರಮಾಣದ ಆಮ್ಲಜನಕದೊಡನೆ ಉರಿಸಿದರೆ ಅದುವರೆಗೆ ತಿಳಿದ ಯಾವ ಅನಿಲಜ್ವಾಲೆಗಿಂತಲೂ ಹೆಚ್ಚಿನ ಶಾಖ ಬರುತ್ತದೆಂದು ಪ್ರಕಟಿಸಿದರು. ಮುಂದೆ 1903ರ ಹೊತ್ತಿಗೆ ಅದೇ ದೇಶದ ಫೂಶೆ ಮತ್ತು ಪಿಕಾರ್ ಕೈಯಲ್ಲಿ ಹಿಡಿಯಬಹುದಾದ ಟಾರ್ಚನ್ನು ಸಿದ್ಧಪಡಿಸಿದರು. ಇಂದು ನಮ್ಮೂರ ಅಂಗಡಿಯಲ್ಲಿರುವುದು ಅದರ ಮೊಮ್ಮಗ. ರೂಪ ಹೆಚ್ಚೇನೂ ಬದಲಾಗಿಲ್ಲ.

ಅಸಿಟಿಲೀನನ್ನು ತುಂಬಿಡುವುದು ಮಾತ್ರ ಸುಲಭವಾಗಿರಲಿಲ್ಲ. ಈ ಅನಿಲದ ಸ್ವಭಾವ ವಿಚಿತ್ರ. ಒತ್ತಿ ತುಂಬಿದರೆ ಆಮ್ಲಜನಕದ ಸಂಪರ್ಕವಿಲ್ಲದೆಯೂ ತನ್ನಷ್ಟಕ್ಕೆ ಒಡೆದು ಸ್ಫೋಟಿಸುತ್ತದೆ. ಆರಂಭದ ವರ್ಷಗಳಲ್ಲಿ ಅನೇಕ ಜೀವಗಳು ಹೋದವು. ಅಸಿಟೋನ್ ಎಂಬ ದ್ರವದಲ್ಲಿ ಅದು ಧಾರಾಳವಾಗಿ ಕರಗುತ್ತದೆಂಬುದು ಗೊತ್ತಾದ ಮೇಲೆ ದಾರಿ ತೆರೆಯಿತು. ಸಿಲಿಂಡರಿನೊಳಗೆ ಸ್ಪಂಜಿನಂತೆ ಸೂಕ್ಷ್ಮ ರಂಧ್ರಗಳುಳ್ಳ ಗಟ್ಟಿ ಪದಾರ್ಥವನ್ನು ತುಂಬಿ, ಅದಕ್ಕೆ ಅಸಿಟೋನ್ ಕುಡಿಸಿ, ಆ ಅಸಿಟೋನಿನಲ್ಲಿ ಅನಿಲವನ್ನು ಕರಗಿಸಿಡುತ್ತಾರೆ. ಸೋಡಾ ಬಾಟಲಿಯಲ್ಲಿ ಅನಿಲ ನೀರಿನೊಳಗೆ ಅಡಗಿ ಕುಳಿತಿರುವಂತೆಯೇ ಇದು. ಹೀಗಾಗಿ ಅಸಿಟಿಲೀನ್ ಸಿಲಿಂಡರನ್ನು ಅಡ್ಡ ಮಲಗಿಸಿ ಬಳಸಬಾರದು, ಅನಿಲದೊಡನೆ ಅಸಿಟೋನೂ ಹೊರಬರುತ್ತದೆ.

ಈ ವಿದ್ಯೆಯನ್ನು ಬೆಳೆಸಿದವರಲ್ಲಿ ಸ್ವೀಡನ್ನಿನ ಗುಸ್ತಾಫ್ ದಲೇನ್ ಒಬ್ಬರು. ಕಡಲದಾರಿಯ ದೀಪಸ್ತಂಭಗಳಲ್ಲಿ ಅಸಿಟಿಲೀನ್ ದೀಪವು ಕತ್ತಲಾದಾಗ ತಾನೇ ಹೊತ್ತಿ, ಬೆಳಗಾದಾಗ ತಾನೇ ಆರುವ ಸಾಧನವನ್ನು ರಚಿಸಿದವರು. 1912ರಲ್ಲಿ ಅಸಿಟಿಲೀನ್ ಪರೀಕ್ಷೆಯ ವೇಳೆ ಸ್ಫೋಟ ಸಂಭವಿಸಿ ಅವರ ಎರಡೂ ಕಣ್ಣುಗಳು ಹೋದವು. ಅದೇ ವರ್ಷದ ಭೌತಶಾಸ್ತ್ರದ ನೊಬೆಲ್ ಪಾರಿತೋಷಕ ಅವರಿಗೆ ದೊರೆಯಿತು, ಅವರ ಪರವಾಗಿ ಸಹೋದರರು ಸ್ವೀಕರಿಸಿದರು. ಕಡಲಿನವರಿಗೆ ಬೆಳಕು ತೋರಿಸಿದವರು ಅನಂತರ 1937ರಲ್ಲಿ ತೀರಿಕೊಳ್ಳುವವರೆಗೂ ಕಣ್ಣಿಲ್ಲದೆಯೇ ತಮ್ಮ ಕಾರ್ಖಾನೆಯನ್ನು ನಡೆಸಿದರು. ಅಷ್ಟು ಬಲ್ಲವರಿಗೂ ಈ ಅನಿಲ ದಾಕ್ಷಿಣ್ಯ ತೋರಲಿಲ್ಲ.

ಇನ್ನು ಟಾರ್ಚು ಹಚ್ಚುವ ಬಗೆ. ಬಲ್ಲ ಮೇಸ್ತ್ರಿಯು ಮೊದಲು ಅಸಿಟಿಲೀನಿನ ತಿರುಪನ್ನು ತುಸು ತೆರೆದು ಕಿಡಿ ತಾಗಿಸುತ್ತಾನೆ. ಹಳದಿಯ, ಕಪ್ಪು ಮಸಿ ಕಾರುವ ಸೋಮಾರಿ ಜ್ವಾಲೆ ಏಳುತ್ತದೆ. ಆಮೇಲೆ ಆಮ್ಲಜನಕವನ್ನು ಮೆಲ್ಲಗೆ ಕೂಡಿಸುತ್ತಾನೆ. ಮಸಿ ಮಾಯವಾಗುತ್ತದೆ, ಹಳದಿ ನೀಲಿಯಾಗುತ್ತದೆ, ಜ್ವಾಲೆ ಗಿಡ್ಡಾಗಿ ಬಿಗಿಯಾಗುತ್ತದೆ. ಮೂತಿಯ ಬಳಿ ಬೆಳ್ಳಗೆ ಹೊಳೆಯುವ ಚಿಕ್ಕ ಶಂಕು, ಅದರ ಸುತ್ತ ಒಂದು ಮಸುಕಾದ ಗರಿ, ಹೊರಗೆ ನೀಲಿ ಹೊದಿಕೆ. ಆ ಗರಿ ಕುಗ್ಗುತ್ತ ಬಂದು ಶಂಕುವಿನಲ್ಲಿ ಲೀನವಾದ ಕ್ಷಣಕ್ಕೆ ಮೇಸ್ತ್ರಿಯ ಕೈ ನಿಲ್ಲುತ್ತದೆ. ಅದು ಸಮಜ್ವಾಲೆ. ಅಸಿಟಿಲೀನೂ ಹೆಚ್ಚಿಲ್ಲ, ಆಮ್ಲಜನಕವೂ ಹೆಚ್ಚಿಲ್ಲ. ಶಂಕುವಿನ ತುದಿಯಿಂದ ಎರಡು ಮೂರು ಮಿಲಿಮೀಟರ್ ಆಚೆಗೆ ಶಾಖ ಸುಮಾರು 3100 ರಿಂದ 3200 ಡಿಗ್ರಿ. ಗರಿ ಉಳಿದುಕೊಂಡರೆ ಮಿಕ್ಕ ಇಂಗಾಲ ಕರಗಿದ ಉಕ್ಕಿಗೆ ಸೇರಿ ಬೆಸುಗೆ ಪೆಡಸಾಗುತ್ತದೆ. ಆಮ್ಲಜನಕ ಹೆಚ್ಚಾದರೆ ಶಂಕು ಮೊನಚಾಗಿ, ಸದ್ದು ಬಿರುಸಾಗಿ, ಉಕ್ಕು ಕಿಡಿಗಾರುತ್ತ ಸುಟ್ಟುಹೋಗುತ್ತದೆ. ಹಿತ್ತಾಳೆಗೆ ಮಾತ್ರ ತುಸು ಹೆಚ್ಚಿನ ಆಮ್ಲಜನಕ ಹಿತ. ಅಡುಗೆಮನೆಯಲ್ಲಿ ಒಲೆಯ ಜ್ವಾಲೆ ನೋಡಿಯೇ ಒಗ್ಗರಣೆಗೆ ಕೈಹಾಕುವ ನಮ್ಮ ತಾಯಂದಿರಿಗೆ ಈ ವಿದ್ಯೆಯನ್ನು ಬಿಡಿಸಿ ಹೇಳುವ ಅಗತ್ಯವಿಲ್ಲ.

ಬೆಸೆಯುವಾಗ ಎರಡು ತಗಡುಗಳ ಅಂಚುಗಳನ್ನು ಜ್ವಾಲೆಯಿಂದ ಕರಗಿಸಿ ಒಂದು ಚಿಕ್ಕ ಹೊಳೆಯುವ ಕೊಳ ಮಾಡಿಕೊಳ್ಳುತ್ತಾರೆ. ಎಡಗೈಯ ತಂತಿಯ ತುದಿಯನ್ನು ಆ ಕೊಳದಲ್ಲಿ ಅದ್ದಿ ಅದ್ದಿ ತೆಗೆಯುತ್ತ, ಕೊಳವನ್ನೇ ಮೆಲ್ಲಗೆ ಮುಂದಕ್ಕೆ ನಡೆಸುತ್ತಾರೆ. ಹಿಂದೆ ಉಳಿದದ್ದು ಆರಿ ಒಂದಾಗುತ್ತದೆ. ಸಾರವಿಷ್ಟೇ. ಕೈಗೆ ಬರಲು ತಿಂಗಳುಗಳು ಬೇಕು. ದಪ್ಪ ಉಕ್ಕಿನ ಕೆಲಸವನ್ನೆಲ್ಲ ಇಂದು ಆರ್ಕ್ ಬೆಸುಗೆ ಕಸಿದುಕೊಂಡಿದೆ. ಅದು ಅಗ್ಗ, ತ್ವರಿತ. ತೆಳು ತಗಡು, ರೇಡಿಯೇಟರ್, ಫ್ರಿಜ್ಜಿನ ತಾಮ್ರದ ಕೊಳವೆ, ಬಾಗಿದ ಸರಳನ್ನು ಕಾಯಿಸಿ ನೇರಗೊಳಿಸುವುದು, ಇವು ಗ್ಯಾಸಿಗೆ ಉಳಿದಿವೆ. ಆದರೆ ಕತ್ತರಿಸುವ ಕೆಲಸದಲ್ಲಿ ಗ್ಯಾಸಿನ ಪಟ್ಟ ಇನ್ನೂ ಗಟ್ಟಿಯಾಗಿದೆ.

ಈ ಕತ್ತರಿಸುವ ಕ್ರಿಯೆಯ ಬಗ್ಗೆ ಹೆಚ್ಚಿನವರಲ್ಲಿ, ಬಹಳ ಕಾಲ ನನ್ನಲ್ಲಿಯೂ, ಒಂದು ತಪ್ಪು ಕಲ್ಪನೆಯಿತ್ತು. ಜ್ವಾಲೆಯು ಬೆಣ್ಣೆಯನ್ನು ಕರಗಿಸಿದಂತೆ ಕಬ್ಬಿಣವನ್ನು ಕರಗಿಸಿ ಸೀಳುತ್ತದೆಂದು ಭಾವಿಸಿದ್ದೆ. ಹಾಗಲ್ಲ. ಅಲ್ಲಿ ಕಬ್ಬಿಣವೇ ಉರಿಯುತ್ತದೆ!

ಕತ್ತರಿಸುವ ಟಾರ್ಚಿನ ಮೂತಿಯಲ್ಲಿ ಸುತ್ತಲೂ ಚಿಕ್ಕ ರಂಧ್ರಗಳು, ನಡುವೆ ಒಂದು ರಂಧ್ರ. ಸುತ್ತಲಿನ ರಂಧ್ರಗಳ ಜ್ವಾಲೆಗಳಿಂದ ಉಕ್ಕಿನ ಅಂಚನ್ನು ಕೆಂಪಾಗುವವರೆಗೆ, ಎಂದರೆ ಸುಮಾರು 900 ಡಿಗ್ರಿಯವರೆಗೆ ಕಾಯಿಸುತ್ತಾರೆ. ಇದು ಕರಗುವ ಶಾಖಕ್ಕಿಂತ ಬಹಳ ಕಡಿಮೆ. ಆಗ ಮೇಸ್ತ್ರಿ ಹಿಡಿಕೆಯ ಮೇಲಿನ ಸನ್ನೆಯನ್ನು ಅದುಮುತ್ತಾನೆ. ನಡುವಿನ ರಂಧ್ರದಿಂದ ಶುದ್ಧ ಆಮ್ಲಜನಕದ ಧಾರೆ ನುಗ್ಗುತ್ತದೆ. ಕೆಂಪಾದ ಕಬ್ಬಿಣ ಆ ಧಾರೆಯಲ್ಲಿ ಸೌದೆಯಂತೆ ಹೊತ್ತಿ ಉರಿದು ಆಕ್ಸೈಡ್ ಆಗುತ್ತದೆ. ಕಬ್ಬಿಣಕ್ಕಿಂತ ಕಡಿಮೆ ಶಾಖದಲ್ಲೇ ಕರಗುವ ಆ ಆಕ್ಸೈಡನ್ನು ಧಾರೆಯ ರಭಸ ಕೆಳಕ್ಕೆ ತಳ್ಳುತ್ತದೆ. ಉರಿದ ಕಬ್ಬಿಣದ ಶಾಖವೇ ಪಕ್ಕದ ಕಬ್ಬಿಣವನ್ನು ಕಾಯಿಸುತ್ತದೆ. ಒಮ್ಮೆ ಹಿಡಿದುಕೊಂಡರೆ ಒಂದು ಗೇಣು ದಪ್ಪದ ಉಕ್ಕಿನ ಗಟ್ಟಿಯನ್ನೂ ಸೀಳಿಕೊಂಡು ಹೋಗಬಲ್ಲದು. ವೇಗ ಸರಿಯಾಗಿದ್ದರೆ ಗಟ್ಟಿ ಬಟ್ಟೆಯನ್ನು ಒಂದೇ ಸಮನೆ ಹರಿದ ಸದ್ದು ಬರುತ್ತದೆ. ಅನುಭವಿಗಳು ನೋಡುವುದಕ್ಕಿಂತ ಕೇಳಿಯೇ ಕೈಯ ವೇಗವನ್ನು ತಿದ್ದಿಕೊಳ್ಳುತ್ತಾರೆ.

ಕಬ್ಬಿಣ ತುಕ್ಕು ಹಿಡಿಯುವುದು ಆಮ್ಲಜನಕದೊಡನೆ ಕೂಡಿ ಎಂದು ನಮ್ಮ ಮಕ್ಕಳು ಓದುತ್ತಾರೆ. ಕಟರಿನ ಮೂತಿಯ ಕೆಳಗೆ ನಡೆಯುವುದೂ ಅದೇ ಕೂಟ. ನೀರಿನಲ್ಲಿ ನೆನೆದ ನೇಗಿಲ ಗುಳ ಹಲವು ಮಳೆಗಾಲಗಳಲ್ಲಿ ಸವೆಸುವ ದಾರಿಯನ್ನು ಇಲ್ಲಿ ಕ್ಷಣದಲ್ಲಿ ಓಡುತ್ತದೆ, ಅಷ್ಟೆ. ಸ್ಟೇನ್‌ಲೆಸ್ ಉಕ್ಕನ್ನು ಈ ಟಾರ್ಚಿನಿಂದ ಕತ್ತರಿಸಲಾಗದು ಏಕೆಂಬುದಕ್ಕೂ ಉತ್ತರ ಇಲ್ಲಿಯೇ ಇದೆ. ಅದರಲ್ಲಿನ ಕ್ರೋಮಿಯಂ ಉಂಟುಮಾಡುವ ಆಕ್ಸೈಡು ಸುಲಭವಾಗಿ ಕರಗದೆ ಕವಚದಂತೆ ಅಡ್ಡ ನಿಲ್ಲುತ್ತದೆ. ಮನೆಯ ಸ್ಟೀಲು ತಟ್ಟೆ ತುಕ್ಕು ಹಿಡಿಯದಿರುವುದಕ್ಕೂ ಕಟರಿಗೆ ಬಗ್ಗದಿರುವುದಕ್ಕೂ ಕಾರಣ ಒಂದೇ. ಗುಜರಾತಿನ ಅಲಂಗ್ ಕಡಲತೀರದಲ್ಲಿ 1983ರಿಂದ ಮುದಿ ಹಡಗುಗಳನ್ನು ಭರತದ ನೀರಿನಲ್ಲಿ ದಡಕ್ಕೇರಿಸಿ ತುಂಡರಿಸುತ್ತಿದ್ದಾರೆ. ಬೃಹತ್ ಹಡಗುಗಳನ್ನು ತಗಡು ತಗಡಾಗಿ ಬಿಚ್ಚುವುದು ಮುಖ್ಯವಾಗಿ ಈ ಕೈಟಾರ್ಚುಗಳೇ.

ಈಗ ಹೆಸರಿನ ಮಾತು. ‘ಆಮ್ಲಜನಕ’ ಎಂದರೆ ಆಮ್ಲವನ್ನು ಹುಟ್ಟಿಸುವುದು. ಆಮ್ಲಗಳಲ್ಲೆಲ್ಲ ಈ ಅನಿಲವಿದೆಯೆಂದು ಫ್ರಾನ್ಸಿನ ಲವಾಸಿಯೆ ತಪ್ಪಾಗಿ ಬಗೆದು ಇಟ್ಟ ಹೆಸರನ್ನು ನಾವು ಕನ್ನಡಕ್ಕೆ ತಂದುಕೊಂಡೆವು. ಮರಾಠಿ ಪಠ್ಯಗಳಲ್ಲಿ ಇದು ‘ಪ್ರಾಣವಾಯು’, ನಾವೂ ಆಡುಮಾತಿನಲ್ಲಿ ಹಾಗೆನ್ನುವುದುಂಟು. ಎರಡೂ ಹೆಸರುಗಳು ಅಂಗಡಿಯ ಹುಡುಗನಿಗೆ ತಿಳಿಯಬೇಕಾದ ಸತ್ಯವನ್ನು ಹೇಳುವುದಿಲ್ಲ. ಎರಡನೆಯದು ದಾರಿಯನ್ನೂ ತಪ್ಪಿಸುತ್ತದೆ. ಪ್ರಾಣವಾಯುವಲ್ಲವೇ, ಏನು ಕೇಡು ಎಂದುಕೊಂಡು ಅಂಗಿಯ ಧೂಳನ್ನು ಆಮ್ಲಜನಕದ ಕೊಳವೆಯಿಂದ ಊದಿಕೊಳ್ಳುವ, ಬೇಸಗೆಯಲ್ಲಿ ಬೆವರಿದ ಮೈಗೆ ಅದನ್ನೇ ಹಿಡಿದುಕೊಳ್ಳುವ ಹುಡುಗರನ್ನು ನಾನೇ ಕಂಡಿದ್ದೇನೆ. ಗಾಳಿಯಲ್ಲಿ ಆಮ್ಲಜನಕ ಶೇಕಡಾ 21. ಅದು 24ನ್ನು ದಾಟಿದರೆ ಸಾಕು, ಬೆಂಕಿಯ ನಡತೆಯೇ ಬದಲಾಗುತ್ತದೆ. ಆಮ್ಲಜನಕ ತುಂಬಿಕೊಂಡ ಬಟ್ಟೆಗೆ ಒಂದು ಕಿಡಿ ಸಿಡಿದರೆ ಅದು ಹೊಗೆಯಾಡುತ್ತ ಸುಡುವುದಿಲ್ಲ, ಒಮ್ಮೆಲೇ ಭುಗ್ಗೆನ್ನುತ್ತದೆ. ಎಣ್ಣೆ, ಗ್ರೀಸು ಇದ್ದ ಕೈಯಿಂದ ಆಮ್ಲಜನಕದ ತಿರುಪನ್ನಾಗಲಿ ಮಾಪಕವನ್ನಾಗಲಿ ಮುಟ್ಟಬಾರದು. ಒತ್ತಡದ ಆಮ್ಲಜನಕಕ್ಕೆ ತಾಗಿದ ಎಣ್ಣೆ ಕಿಡಿಯಿಲ್ಲದೆಯೂ ಹೊತ್ತಿಕೊಳ್ಳಬಲ್ಲದು.

ಇಷ್ಟು ಹೇಳಿದ ಮೇಲೆ ನನ್ನ ವಿದ್ಯಾರ್ಥಿಯ ಸಂಗತಿ. ಊರು, ಅಂಗಡಿಗಳ ಹೆಸರು ಬೇಡ. ಹತ್ತನೆಯ ತರಗತಿ ಮುಗಿಸಿದ ಹುಡುಗ. ಓದಿನಲ್ಲಿ ಸಾಧಾರಣ, ಕೈಕೆಲಸದಲ್ಲಿ ಜಾಣ. ಮನೆಯ ತೊಂದರೆಯಿಂದ ವೆಲ್ಡಿಂಗ್ ಅಂಗಡಿ ಸೇರಿದನು. ಎರಡು ವರ್ಷದಲ್ಲಿ ಕಟರ್ ಹಿಡಿಯುವಂತಾದನು. ಒಂದು ದಿನ ರೈತರೊಬ್ಬರು ಹಳೆಯ ಡೀಸೆಲ್ ಡ್ರಮ್ಮೊಂದನ್ನು ತಂದು, ದನಗಳಿಗೆ ನೀರಿಡಲು ಉದ್ದಕ್ಕೆ ಎರಡು ಹೋಳು ಮಾಡಿಕೊಡೆಂದರು. ಹುಡುಗ ಡ್ರಮ್ಮನ್ನು ಬೋರಲು ಹಾಕಿ ನೋಡಿದನು, ಒಂದು ಹನಿಯೂ ಬೀಳಲಿಲ್ಲ. ಡೀಸೆಲ್ ಪೆಟ್ರೋಲಿನಂತೆ ತಟ್ಟನೆ ಹೊತ್ತುವುದಿಲ್ಲವೆಂಬುದೂ ಅವನಿಗೆ ಗೊತ್ತಿತ್ತು. ಜ್ವಾಲೆ ತಾಗಿಸಿ ಕೆಲವೇ ಕ್ಷಣಗಳಾಗಿರಬೇಕು, ಡ್ರಮ್ಮಿನ ಮುಚ್ಚಳ ಕಿತ್ತು ಹಾರಿತು. ಅಂಚು ಅವನ ಮುಖಕ್ಕೆ ಬಡಿಯಿತು. ಬಲಗಣ್ಣು ಉಳಿಯಲಿಲ್ಲ.

ಸೊಲ್ಲಾಪುರದ ಆಸ್ಪತ್ರೆಯಲ್ಲಿ ಅವನನ್ನು ನೋಡಲು ಹೋದಾಗ ಅವನು ಹೇಳಿದ ಮೊದಲ ಮಾತು, “ಸರ, ಡ್ರಮ್ಮು ಖಾಲಿ ಇತ್ತರಿ.”

ಖಾಲಿ ಇರಲಿಲ್ಲ. ಡ್ರಮ್ಮಿನ ಮಡಿಕೆಯ ಅಂಚುಗಳಲ್ಲಿ, ತುಕ್ಕಿನ ಪದರದ ಹಿಂದೆ ಎಣ್ಣೆಯ ತೆಳು ಲೇಪ ಉಳಿದೇ ಇರುತ್ತದೆ. ತಣ್ಣಗಿರುವಾಗ ಡೀಸೆಲ್ ಸಾಧು. ಆದರೆ ಕಟರಿನ ಶಾಖ ತಗಡಿಗೆ ಹರಡಿದೊಡನೆ ಆ ಲೇಪವು ಆವಿಯಾಗಿ ಡ್ರಮ್ಮಿನೊಳಗಿನ ಗಾಳಿಯೊಡನೆ ಬೆರೆಯುತ್ತದೆ. ಅಷ್ಟರಲ್ಲಿ ಜ್ವಾಲೆ ತಗಡನ್ನು ತೂತು ಮಾಡಿ ಒಳಗೆ ಇಣುಕುತ್ತದೆ. ತುಂಬಿದ ಡ್ರಮ್ಮಿಗಿಂತ ಬರಿದಾದ ಡ್ರಮ್ಮು ಹೆಚ್ಚು ಅಪಾಯಕಾರಿ, ಏಕೆಂದರೆ ಸ್ಫೋಟಕ್ಕೆ ಬೇಕಾದ ಗಾಳಿ ಬರಿದಾದ ಡ್ರಮ್ಮಿನಲ್ಲಿಯೇ ಇರುವುದು. ನಾನು ತರಗತಿಯಲ್ಲಿ ಗಾಜಿನ ಜಾಡಿಯೊಳಗೆ ಕೆಂಡದ ಕಡ್ಡಿಯನ್ನು ಇಳಿಸಿ, ಅದು ಮತ್ತೆ ಹೊತ್ತಿಕೊಂಡಾಗ ಮಕ್ಕಳ ಚಪ್ಪಾಳೆ ಗಿಟ್ಟಿಸಿ, “ಆಮ್ಲಜನಕವು ದಹನಕ್ಕೆ ಸಹಾಯಕ” ಎಂದು ಹಲಗೆಯ ಮೇಲೆ ಬರೆದು ಗಂಟೆ ಮುಗಿಸುತ್ತಿದ್ದೆ. ಡ್ರಮ್ಮೂ ಒಂದು ಜಾಡಿಯೇ ಎಂದು ಹೇಳಲು ಇನ್ನೆರಡು ನಿಮಿಷ ಸಾಕಾಗಿತ್ತು. ನೀರಿನಿಂದ ತೊಳೆದರೂ ಈ ಲೇಪ ಹೋಗುವುದಿಲ್ಲ. ದೊಡ್ಡ ಕಾರ್ಖಾನೆಗಳಲ್ಲಿ ಆವಿ ಹಾಯಿಸಿ ತೊಳೆದು, ಒಳಗಿನ ಗಾಳಿಯನ್ನು ಪರೀಕ್ಷಿಸಿದ ಮೇಲೆ ಮಾತ್ರ ಕೈಹಾಕುತ್ತಾರೆ. ರಸ್ತೆಬದಿಯ ಅಂಗಡಿಯಲ್ಲಿ ಈ ಅನುಕೂಲವಿಲ್ಲ. ಎಣ್ಣೆ, ಬಣ್ಣ, ಔಷಧ, ಏನೇ ಇದ್ದ ಡ್ರಮ್ಮಿಗೂ ಟ್ಯಾಂಕಿಗೂ ಅಲ್ಲಿ ಟಾರ್ಚು ತಾಗಿಸಲೇಬಾರದು.

ಮಗನನ್ನು ಇಂತಹ ಕೆಲಸಕ್ಕೆ ಕಳುಹಿಸುವ ತಂದೆತಾಯಂದಿರು ಒಮ್ಮೆ ಅಂಗಡಿಯನ್ನು ಕಣ್ಣಾರೆ ನೋಡಿ ಬರಬೇಕೆಂಬುದು ನನ್ನ ವಿನಂತಿ. ಏನನ್ನು ನೋಡಬೇಕು? ಕಪ್ಪು ಸಿಲಿಂಡರು ಆಮ್ಲಜನಕದ್ದು, ಕಂದುಗೆಂಪಿನದು ಅಸಿಟಿಲೀನಿನದು. ಎರಡೂ ನೆಟ್ಟಗೆ ನಿಂತು ಸರಪಳಿಯಿಂದ ಬಿಗಿದಿರಬೇಕು. ತುಂಬಿದ ಆಮ್ಲಜನಕದ ಸಿಲಿಂಡರಿನಲ್ಲಿ ಒತ್ತಡ ಸುಮಾರು 150 ವಾಯುಮಾನ, ಕಾರಿನ ಗಾಲಿಯಲ್ಲಿರುವುದರ ಹೆಚ್ಚುಕಡಿಮೆ 70 ಪಟ್ಟು. ಉರುಳಿಬಿದ್ದು ತಲೆಯ ಕವಾಟ ಮುರಿದರೆ ಸಿಲಿಂಡರು ಬಾಣದಂತೆ ಚಿಮ್ಮಿ ಗೋಡೆಯನ್ನೂ ಒಡೆಯಬಲ್ಲದು. ಕೊಳವೆಗಳಲ್ಲಿ ಕೆಂಪು ಅಸಿಟಿಲೀನಿಗೆ, ನೀಲಿ ಆಮ್ಲಜನಕಕ್ಕೆ. ಹಳೆಯ ಅಂಗಡಿಗಳಲ್ಲಿ ಆಮ್ಲಜನಕಕ್ಕೆ ಕಪ್ಪು ಕೊಳವೆಯೂ ಕಾಣಸಿಗುತ್ತದೆ. ಅಸಿಟಿಲೀನಿನ ತಿರುಪುಗಳ ಸುತ್ತು ಎಡಕ್ಕೆ, ಆಮ್ಲಜನಕದ್ದು ಬಲಕ್ಕೆ. ಕತ್ತಲೆಯಲ್ಲಿಯೂ ಒಂದರದನ್ನು ಇನ್ನೊಂದಕ್ಕೆ ಕೂಡಿಸಲಾಗದಂತೆ ಯಾರೋ ಪುಣ್ಯಾತ್ಮರು ಮಾಡಿದ ಏರ್ಪಾಡು ಇದು. ಬೆಂಕಿ ಕೊಳವೆಯೊಳಗೆ ಹಿಮ್ಮೆಟ್ಟಿ ಸಿಲಿಂಡರಿಗೆ ತಲುಪದಂತೆ ತಡೆಯುವ ‘ಫ್ಲ್ಯಾಶ್‌ಬ್ಯಾಕ್ ಅರೆಸ್ಟರ್’ ಎಂಬ ಬೆರಳುದ್ದದ ಸಾಧನ ಇದೆಯೇ ಎಂದು ಕೇಳಿರಿ. ನಮ್ಮ ಕಡೆಯ ಎಷ್ಟೋ ಅಂಗಡಿಗಳಲ್ಲಿ ಅದು ಇಲ್ಲ. ಮಾಲೀಕರು ಖರ್ಚಿನ ಮಾತೆತ್ತುತ್ತಾರೆ. ಸಿಲಿಂಡರಿನ ಬೆಲೆಯ ಮುಂದೆ ಅದು ದೊಡ್ಡ ಖರ್ಚಲ್ಲವೆಂದು ಅವರಿಗೂ ಗೊತ್ತು. ಇತ್ತೀಚೆಗೆ ಅಸಿಟಿಲೀನಿನ ಬದಲು ಅಡುಗೆ ಅನಿಲವನ್ನು ಕತ್ತರಿಸಲು ಬಳಸುವುದು ಹೆಚ್ಚಾಗಿದೆ. ಕೆಲಸಕ್ಕೆ ಅದು ಒಳ್ಳೆಯದೇ, ಅಗ್ಗವೂ ಹೌದು. ಆದರೆ ಅದು ಗಾಳಿಗಿಂತ ಭಾರ. ಸೋರಿದರೆ ಮೇಲೇರಿ ಹೋಗದೆ ತಗ್ಗಿನಲ್ಲಿ, ಚರಂಡಿಯಲ್ಲಿ ಮಡುಗಟ್ಟಿ ಕಾಯುತ್ತದೆ. ಮನೆಯ ಸಿಲಿಂಡರನ್ನು ಅಂಗಡಿಗೆ ಒಯ್ಯುವುದಂತೂ ಕಾನೂನುಬಾಹಿರ.

ಹುಡುಗನ ಉಡುಪನ್ನೂ ನೋಡಿರಿ. ಪಾಲಿಯೆಸ್ಟರ್ ಅಂಗಿ ಕಿಡಿಗೆ ಕರಗಿ ಚರ್ಮಕ್ಕೆ ಅಂಟುತ್ತದೆ, ಹತ್ತಿಯದೇ ಆಗಬೇಕು. ಚಪ್ಪಲಿಯಲ್ಲ, ಬೂಟು. ಕಣ್ಣಿಗೆ ಹಸಿರು ಗಾಜಿನ ಕನ್ನಡಕ. ಸತುವು ಲೇಪಿಸಿದ ತಗಡನ್ನು ಸುಟ್ಟಾಗ ಏಳುವ ಬಿಳಿ ಹೊಗೆ ಕುಡಿದವನಿಗೆ ರಾತ್ರಿ ಚಳಿಜ್ವರ ಬರುತ್ತದೆ. ಬಯಲಿನಲ್ಲಿ, ಗಾಳಿಗೆ ಬೆನ್ನು ಮಾಡಿ ಮಾಡಬೇಕಾದ ಕೆಲಸ ಅದು.

ಇದನ್ನೆಲ್ಲ ಓದಿ ಮಕ್ಕಳನ್ನು ಈ ವೃತ್ತಿಯಿಂದ ದೂರವಿಡಿರೆಂದು ನಾನು ಹೇಳುತ್ತಿರುವೆನೆಂದು ಭಾವಿಸಬೇಡಿ. ಚೆನ್ನಾಗಿ ಬಲ್ಲ ಗ್ಯಾಸ್ ಕಟರಿಗೆ ಊರೂರಲ್ಲಿಯೂ ಕೆಲಸವಿದೆ, ಮರ್ಯಾದೆಯಿದೆ. ಐಟಿಐಗಳಲ್ಲಿ ವೆಲ್ಡರ್ ತರಬೇತಿ ಒಂದು ವರ್ಷದ್ದು. ನಮ್ಮ ಮಕ್ಕಳು ಹಿಂಜರಿಯುವುದು ಭಾಷೆಗಾಗಿ. ಇಲ್ಲಿಯ ಸಂಸ್ಥೆಗಳಲ್ಲಿ ಪಾಠ ನಡೆಯುವುದು ಮರಾಠಿಯಲ್ಲಿ, ಸಾಧನಗಳ ಹೆಸರೆಲ್ಲ ಇಂಗ್ಲಿಷಿನಲ್ಲಿ. ಆದರೆ ಕನ್ನಡದಲ್ಲಿ ಕಲಿತ ತುಕ್ಕಿನ ಪಾಠವನ್ನು, ದಹನದ ಪಾಠವನ್ನು ನಿಜವಾಗಿ ಅರ್ಥ ಮಾಡಿಕೊಂಡ ಹುಡುಗನಿಗೆ ಟಾರ್ಚಿನ ಮುಂದೆ ಯಾವ ಭಾಷೆಯೂ ಪರಕೀಯವಲ್ಲ. ‘ಸಮಜ್ವಾಲೆ’ಯನ್ನು ಕಣ್ಣಿಂದ ಗುರುತಿಸಬಲ್ಲವನು ಅದನ್ನು ‘ನ್ಯೂಟ್ರಲ್ ಫ್ಲೇಮ್’ ಎಂದು ಕರೆಯುವುದನ್ನು ಒಂದು ದಿನದಲ್ಲಿ ಕಲಿಯುತ್ತಾನೆ. ಅರ್ಥವಾಗದೆ ಬಾಯಿಪಾಠ ಮಾಡಿದವನಿಗೆ ಯಾವ ಮಾಧ್ಯಮವೂ ಕೈಹಿಡಿಯದು. ಈ ವಿಷಯದಲ್ಲಿ ತಪ್ಪು ಮಕ್ಕಳದಲ್ಲ, ನಮ್ಮಂಥ ಮಾಸ್ತರರದು.

ನನ್ನ ಆ ವಿದ್ಯಾರ್ಥಿ ಈಗ ಸ್ವಂತ ಅಂಗಡಿ ಇಟ್ಟುಕೊಂಡಿದ್ದಾನೆ. ಒಂದೇ ಕಣ್ಣಿನಿಂದ ಗೆರೆ ತಪ್ಪದಂತೆ ಕತ್ತರಿಸುವ ಅವನ ಕೈಚಳಕವನ್ನು ನೋಡಲು ಆಗಾಗ ಹೋಗಿ ಕೂರುತ್ತೇನೆ. ಅವನ ಅಂಗಡಿಯ ಬಾಗಿಲಲ್ಲಿ ಒಂದು ತಗಡಿನ ಹಲಗೆಯಿದೆ. ಕನ್ನಡದಲ್ಲಿ, ‘ಡ್ರಮ್ ಕೊಯ್ದು ಕೊಡುವುದಿಲ್ಲ’. ಅದರ ಕೆಳಗೆ ಮರಾಠಿಯಲ್ಲಿ, ‘ಡ್ರಮ್ ಕಾಪೂನ್ ಮಿಳಣಾರ್ ನಾಹೀ’. ಕಳೆದ ತಿಂಗಳು ನಾನಿದ್ದಾಗಲೇ ಒಬ್ಬರು ಡ್ರಮ್ಮು ಹೇರಿಕೊಂಡು ಬಂದರು. ಹಲಗೆ ಓದಿಯೂ ವಾದಕ್ಕಿಳಿದರು, ಹೆಚ್ಚಿನ ಹಣ ಕೊಡುವೆನೆಂದರು. ಅವನು ಚಹಾ ತರಿಸಿ ಕುಡಿಸಿದನು, ಕೆಲಸ ಮಾತ್ರ ಮಾಡಲಿಲ್ಲ. ಅವರು ಡ್ರಮ್ಮನ್ನು ಮತ್ತೆ ಗಾಡಿಗೆ ಹೇರಿಕೊಂಡು ಮುಂದಿನ ಅಂಗಡಿಯತ್ತ ಹೊರಟರು. ಅವನು ಟಾರ್ಚು ಆರಿಸಿ, ಅಂಗಡಿಯ ಹುಡುಗನನ್ನು ಕರೆದು, “ಓಡು, ಆ ಅಂಗಡ್ಯಾವರಿಗೆ ಹೇಳಿ ಬಾ” ಎಂದನು.